ಮೈಸೂರಿನ ಹಣ, ಮೆಟ್ನರ್‌ನ ಪಿಯಾನೊ

1956ರ ನವೆಂಬರ್ 1ರಂದು ನಮ್ಮ ಕೇಣಿ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಅಂಕೋಲೆ ಪೇಟೆಯ ಮಗ್ಗುಲಲ್ಲಿರುವ ಈ ಕಡಲತಡಿಯ ಊರಿನಲ್ಲಿ ಮೀನುಗಾರರ ಬಲೆಗಳಾಗಲಿ, ಗೇಣಿದಾರರ ಗದ್ದೆಗಳಾಗಲಿ ಆ ದಿನದಿಂದ ಬದಲಾಗಲಿಲ್ಲ. ಬದಲಾದದ್ದು ಸರಕಾರಿ ಕಾಗದದ ತಲೆಬರಹ ಮಾತ್ರ ಎಂದು ಶಾಲಾ ಮಾಸ್ತರರಾಗಿದ್ದ ನನ್ನ ತಂದೆ ಹೇಳುತ್ತಿದ್ದರು. ಆದರೂ ಹೊಸ ರಾಜ್ಯದ ಮೊದಲ ರಾಜ್ಯಪಾಲರ ಚಿತ್ರವನ್ನು ಯಾವುದೋ ಕ್ಯಾಲೆಂಡರಿನಿಂದ ಕತ್ತರಿಸಿ, ಕಟ್ಟು ಹಾಕಿಸಿ, ಜಗಲಿಯ ಗೋಡೆಗೆ ತೂಗುಹಾಕಿದ್ದರು. ಜರಿಪೇಟ, ದುಂಡುಮುಖ, ಸ್ವಲ್ಪ ನಾಚಿಕೆಯ ಕಣ್ಣುಗಳು. ಆರು ವರ್ಷ ರಾಜಪ್ರಮುಖರಾಗಿದ್ದು, ಅನಂತರ ಏಕೀಕೃತ ರಾಜ್ಯದ ರಾಜ್ಯಪಾಲರಾದ ಜಯಚಾಮರಾಜ ಒಡೆಯರ್ ಅವರು. ಅವರು ಒಂದು ಕಾಲಕ್ಕೆ ಕಛೇರಿಯ ಪಿಯಾನೊ ವಾದಕರಾಗಬೇಕೆಂದು ಹಂಬಲಿಸಿದ್ದವರೆಂಬುದು ತಿಳಿಯಲು ನಾನು ನಿವೃತ್ತನಾಗಬೇಕಾಯಿತು.

ಪಿಯಾನೊದ ವಿಷಯದಲ್ಲಿ ನನಗೆ ಯಾವ ಅಧಿಕಾರವೂ ಇಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಅರ್ಥಶಾಸ್ತ್ರದ ಎಂ.ಎ.ಗೆಂದು ಧಾರವಾಡದಲ್ಲಿದ್ದಾಗ ಮಲ್ಲಿಕಾರ್ಜುನ ಮನ್ಸೂರರನ್ನು ಕೇಳಿ ಕಿವಿ ತಿದ್ದಿಕೊಂಡವನು ನಾನು. ಕೀಲಿಮಣೆಯ ವಾದ್ಯವೆಂದರೆ ನನಗೆ ಗೊತ್ತಿದ್ದದ್ದು ಊರಿನ ನಾಟಕಗಳಿಗೆ ತಂದೆ ನುಡಿಸುತ್ತಿದ್ದ ಹಾರ್ಮೋನಿಯಂ ಒಂದೇ. ನಿವೃತ್ತಿಯ ನಂತರ ಊರಿಗೆ ಬಂದು ನೆಲೆಸಿದ ಮೇಲೆ, ಹೊರದೇಶದಲ್ಲಿರುವ ನನ್ನ ಸೋದರಳಿಯ ಒಂದು ಸಿ.ಡಿ. ತಂದುಕೊಟ್ಟ. ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರ ತನ್ನದೇ ರಚನೆಗಳನ್ನು 1947ರಲ್ಲಿ ನುಡಿಸಿದ ಧ್ವನಿಮುದ್ರಣ. ‘ಮಾವ, ಇದಕ್ಕೆ ದುಡ್ಡು ಕೊಟ್ಟವರು ಯಾರು ಹೇಳು ನೋಡುವ’ ಎಂದ. ಹೊದಿಕೆಯ ಪುಸ್ತಿಕೆಯಲ್ಲಿ ಮೈಸೂರಿನ ಮಹಾರಾಜರ ಹೆಸರಿತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸರಕಾರದ ಲೆಕ್ಕಪತ್ರ ನೋಡಿದವನಿಗೆ ಸಂಗೀತಕ್ಕಿಂತ ಮೊದಲು ಆ ವೆಚ್ಚದ ಕಡೆಗೇ ಕುತೂಹಲ ಹರಿದದ್ದು ಸಹಜವೇ.

ಜಯಚಾಮರಾಜರು ಹುಟ್ಟಿದ್ದು 1919ರ ಜುಲೈ 18ರಂದು. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಮಗ. ನಾಲ್ವಡಿ ಕೃಷ್ಣರಾಜರ ತಮ್ಮನ ಮಗ. ಆಗಿನ ಮೈಸೂರು ಅರಮನೆಯಲ್ಲಿ ವೀಣೆ ಶೇಷಣ್ಣನವರ ಪರಂಪರೆ ಒಂದು ಕಡೆ, ಪಾಶ್ಚಾತ್ಯ ವಾದ್ಯವೃಂದ ಇನ್ನೊಂದು ಕಡೆ. ವೀಣೆ ವೆಂಕಟಗಿರಿಯಪ್ಪನವರೂ ಜರ್ಮನಿಯಿಂದ ಬಂದ ವೃಂದನಾಯಕರೂ ಒಂದೇ ಖಜಾನೆಯಿಂದ ಸಂಬಳ ಪಡೆಯುತ್ತಿದ್ದ ಕಾಲ ಅದು. ಯುವರಾಜರ ಮಕ್ಕಳು ಪಿಯಾನೊ ಕಲಿತರು. ತಂಗಿ ವಿಜಯದೇವಿಯವರಂತೂ ಕೊನೆಯವರೆಗೂ ಅದನ್ನು ಬಿಡಲಿಲ್ಲ. 1938ರಲ್ಲಿ ಮಹಾರಾಜಾ ಕಾಲೇಜಿನಿಂದ ಪದವಿ ಪಡೆದ ಜಯಚಾಮರಾಜರು ಮರುವರ್ಷ ತಂದೆಯೊಡನೆ ಯುರೋಪ್ ಪ್ರವಾಸ ಮಾಡಿದರು. ಮುಂದಿನ ದಾರಿ ಸಂಗೀತದ್ದೇ ಎಂದು ಆ ತರುಣ ಬಯಸಿದ್ದರೆ ಆಶ್ಚರ್ಯವಿಲ್ಲ. ಆದರೆ 1940ರ ಮಾರ್ಚ್‌ನಲ್ಲಿ ತಂದೆ ತೀರಿಕೊಂಡರು, ಆಗಸ್ಟ್‌ನಲ್ಲಿ ದೊಡ್ಡಪ್ಪ ನಾಲ್ವಡಿಯವರು ತೀರಿಕೊಂಡರು. ಸೆಪ್ಟೆಂಬರ್‌ನಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಅವರು ಸಿಂಹಾಸನವೇರಿದರು.

ಕಛೇರಿಯ ಪಿಯಾನೊ ವಾದಕನಾಗುವುದೆಂದರೆ ಏನೆಂಬುದನ್ನು ನಮ್ಮ ಓದುಗರಿಗೆ ಒಂದಿಷ್ಟು ಹೇಳಬೇಕು. 88 ಕೀಲಿಗಳು, ಒಳಗೆ ಎರಕದ ಕಬ್ಬಿಣದ ಚೌಕಟ್ಟಿಗೆ ಬಿಗಿದ ಇನ್ನೂರಕ್ಕೂ ಹೆಚ್ಚು ತಂತಿಗಳು. ಕೀಲಿಯನ್ನು ಒತ್ತಿದಾಗ ಉಣ್ಣೆ ಹೊದಿಸಿದ ಪುಟ್ಟ ಸುತ್ತಿಗೆಯೊಂದು ತಂತಿಯನ್ನು ಬಡಿದು ಹಿಂದಕ್ಕೆ ಸರಿಯುತ್ತದೆ. ಬಡಿದಾದ ಮೇಲೆ ಸ್ವರವನ್ನು ಎಳೆಯುವಂತಿಲ್ಲ, ಮೀಂಡು ಗಮಕಗಳಿಗೆ ಅವಕಾಶವಿಲ್ಲ. ಆದ್ದರಿಂದ ವಾದಕನ ಸಮಸ್ತ ವಿದ್ಯೆಯೂ ಬೆರಳಿನ ತೂಕದಲ್ಲಿದೆ. ಎರಡು ಗಂಟೆಯ ಕಛೇರಿಯ ಸಹಸ್ರಾರು ಸ್ವರಗಳು ಮೊದಲೇ ಲಿಪಿಯಲ್ಲಿ ನಿಗದಿಯಾಗಿರುತ್ತವೆ. ಅವೆಲ್ಲವನ್ನೂ ಕಂಠಸ್ಥವಾಗಿ ನುಡಿಸಬೇಕು, ಆದರೂ ಆಗಷ್ಟೇ ಹುಟ್ಟಿದಂತೆ ಕೇಳಿಸಬೇಕು. ನಮ್ಮ ಸಿತಾರ ವಾದಕರಂತೆ ತನ್ನ ವಾದ್ಯವನ್ನು ತಾನೇ ಹೊತ್ತೊಯ್ಯುವಂತೆಯೂ ಇಲ್ಲ. ಹೋದ ಊರಿನಲ್ಲಿ ಸಿಕ್ಕ ಪಿಯಾನೊದೊಡನೆ ಹೊಂದಿಕೊಳ್ಳಬೇಕು. ಬಾಲ್ಯದಿಂದಲೂ ದಿನಕ್ಕೆ ಹಲವು ತಾಸುಗಳ ಸಾಧನೆಯನ್ನು ಬೇಡುವ ಈ ವೃತ್ತಿಗೂ ರಾಜ್ಯಭಾರಕ್ಕೂ ಹೊಂದಿಕೆಯಾಗದು. ಅರ್ಥಶಾಸ್ತ್ರದಲ್ಲಿ ಅವಕಾಶ ವೆಚ್ಚವೆಂಬ ಮಾತಿದೆ: ಒಂದನ್ನು ಪಡೆಯಲು ಕೈಬಿಟ್ಟ ಇನ್ನೊಂದರ ಬೆಲೆ. ಪಠ್ಯಪುಸ್ತಕಗಳು ಅದಕ್ಕೆ ಬಂದೂಕು, ಬೆಣ್ಣೆಗಳ ಉದಾಹರಣೆ ಕೊಡುತ್ತವೆ. ಸಿಂಹಾಸನ, ಪಿಯಾನೊಗಳ ಉದಾಹರಣೆ ಅದಕ್ಕಿಂತ ಚೆನ್ನಾಗಿದೆ.

ಮಹಾರಾಜರು ಪಿಯಾನೊವನ್ನು ಪೂರ್ತಿಯಾಗಿ ಬಿಡಲಿಲ್ಲ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದರು. ಅದೇ ವರ್ಷ ಟ್ರಿನಿಟಿ ಕಾಲೇಜು ಅವರಿಗೆ ಗೌರವ ಫೆಲೊ ಪದವಿ ನೀಡಿತು. ಅದೇ ದಶಕದಲ್ಲಿ ಅವರು ‘ಶ್ರೀವಿದ್ಯಾ’ ಅಂಕಿತದಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸತೊಡಗಿದರು. 94 ಕೃತಿಗಳು ಇಂದು ಲಭ್ಯವಿವೆ. ಆದರೆ ವೇದಿಕೆಯ ಬಾಗಿಲು ಮುಚ್ಚಿಹೋಗಿತ್ತು. ಆಗ ಅವರ ಗಮನ ಲಂಡನ್ನಿನಲ್ಲಿ ಕಷ್ಟದಲ್ಲಿ ದಿನ ನೂಕುತ್ತಿದ್ದ ಒಬ್ಬ ವೃದ್ಧನತ್ತ ಹೊರಳಿತು.

ಮೆಟ್ನರ್ ಹುಟ್ಟಿದ್ದು 1880ರ ಜನವರಿಯಲ್ಲಿ, ಮಾಸ್ಕೊದಲ್ಲಿ. ಹನ್ನೆರಡನೆಯ ವಯಸ್ಸಿಗೆ ಅಲ್ಲಿನ ಸಂಗೀತ ಮಹಾವಿದ್ಯಾಲಯ ಸೇರಿ, ಇಪ್ಪತ್ತನೆಯ ವಯಸ್ಸಿನಲ್ಲಿ ಪಿಯಾನೊ ವಿಭಾಗದ ಅತ್ಯುನ್ನತ ಗೌರವದೊಡನೆ ಹೊರಬಂದ. ಯುರೋಪಿನ ಯಾವ ವೇದಿಕೆಯಾದರೂ ಅವನಿಗೆ ತೆರೆದಿತ್ತು. ಮನೆಯವರ ನಿರಾಸೆಯನ್ನು ಲೆಕ್ಕಿಸದೆ ಆತ ವಾದಕನ ವೃತ್ತಿಯನ್ನು ನಿರಾಕರಿಸಿ ರಚನೆಗೆ ಕುಳಿತ. ಪಿಯಾನೊ ಸೊನಾಟಾಗಳು 14, ವಾದ್ಯವೃಂದದೊಡನೆ ನುಡಿಸುವ ಕಾಂಚೆರ್ಟೊಗಳು 3, ನೂರಕ್ಕೂ ಹೆಚ್ಚು ಹಾಡುಗಳು, ‘ಸ್ಕಾಜ್ಕಿ’, ಎಂದರೆ ಅಜ್ಜಿಕಥೆಗಳೆಂಬ ಹೆಸರಿನ ಚಿಕ್ಕ ಚಿಕ್ಕ ಪಿಯಾನೊ ರಚನೆಗಳು. ಬಹುಮಟ್ಟಿಗೆ ಅವನು ಬರೆದದ್ದೆಲ್ಲ ಆ ಒಂದೇ ವಾದ್ಯವನ್ನು ನೆಚ್ಚಿದೆ. ಗೆಳೆಯ ರಾಖ್ಮನಿನೊವ್‌ಗೆ ಇವನಲ್ಲಿ ಅಪಾರ ಗೌರವ. ತನ್ನ ನಾಲ್ಕನೆಯ ಕಾಂಚೆರ್ಟೊವನ್ನು ಇವನಿಗೆ ಅರ್ಪಿಸಿದ, ಇವನು ತನ್ನ ಎರಡನೆಯದನ್ನು ಅವನಿಗೆ.

1921ರಲ್ಲಿ ಪತ್ನಿ ಆನಾಳೊಡನೆ ರಷ್ಯ ಬಿಟ್ಟ ಮೇಲೆ ಅವನ ಬದುಕು ಅಲೆದಾಟವಾಯಿತು. ಬರ್ಲಿನ್‌ನಲ್ಲಿ ಯಾರಿಗೂ ಬೇಡವಾದ. ರಾಖ್ಮನಿನೊವ್ ಓಡಾಡಿ 1924ರಲ್ಲಿ ಅಮೆರಿಕದ ಕಛೇರಿ ಪ್ರವಾಸ ಏರ್ಪಡಿಸಿದ. ಯಾವ ವೃತ್ತಿಯನ್ನು ಇಪ್ಪತ್ತರಲ್ಲಿ ಒಲ್ಲೆನೆಂದಿದ್ದನೋ ಅದನ್ನೇ ನಲವತ್ತನಾಲ್ಕರಲ್ಲಿ ಹೊಟ್ಟೆಪಾಡಿಗಾಗಿ ಹಿಡಿಯಬೇಕಾಯಿತು. ಅದೂ ಅರೆಮನಸ್ಸಿನಿಂದ: ಜನ ಬಯಸಿದ ಚುರುಕಿನ ತುಣುಕುಗಳನ್ನು ನುಡಿಸಲು ಅವನು ಸಿದ್ಧನಿರಲಿಲ್ಲ. ಪ್ಯಾರಿಸ್ ಬಳಿ ಕೆಲವು ವರ್ಷ ಕಳೆದು, 1930ರ ದಶಕದ ನಡುವೆ ಲಂಡನ್ನಿನ ಗೋಲ್ಡರ್ಸ್ ಗ್ರೀನ್‌ಗೆ ಬಂದು ನೆಲೆಸಿದ. ಹೊಸ ಸಂಗೀತದ ಮೇಲಿನ ಸಿಟ್ಟನ್ನೆಲ್ಲ ಒಂದು ಪುಸ್ತಕದಲ್ಲಿ ತೋಡಿಕೊಂಡ. ಅದನ್ನು ಪ್ರಕಟಿಸಿದ್ದೂ ರಾಖ್ಮನಿನೊವ್‌ನೇ. ಹಳಬರಿಗೆ ಇವನು ಒಗಟು, ಹೊಸಬರಿಗೆ ಇವನು ಹಳಬ. ಯುದ್ಧ ಆರಂಭವಾದದ್ದೇ ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ರಾಯಧನ ನಿಂತುಹೋಯಿತು. ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ ಶಿಷ್ಯೆಯೊಬ್ಬಳ ಮನೆಯವರು ವಾರ್ವಿಕ್‌ಶೈರ್‌ನಲ್ಲಿ ಆಶ್ರಯ ಕೊಟ್ಟರು. 1942ರಲ್ಲಿ ಹೃದಯಾಘಾತವಾಯಿತು. ಆ ಸ್ಥಿತಿಯಲ್ಲೇ ಮೂರನೆಯ ಕಾಂಚೆರ್ಟೊವನ್ನು ಮುಗಿಸಿ, 1944ರ ಫೆಬ್ರುವರಿಯಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ತಾನೇ ನುಡಿಸಿದ.

ಯುದ್ಧ ಮುಗಿದ ಬಳಿಕ ಮೈಸೂರಿನಿಂದ ಬಂದ ಪ್ರಸ್ತಾವ ಆ ದಂಪತಿಗಳಿಗೆ ಅಜ್ಜಿಕಥೆಯಂತೆಯೇ ಕಂಡಿರಬೇಕು. ಮೆಟ್ನರ್ ಹೆಸರಿನಲ್ಲಿ ಒಂದು ಸೊಸೈಟಿ. ಅದರ ಆಶ್ರಯದಲ್ಲಿ ಅವನ ರಚನೆಗಳನ್ನು ಅವನಿಂದಲೇ ನುಡಿಸಿ ಎಚ್.ಎಂ.ವಿ. ಮೂಲಕ ಧ್ವನಿಮುದ್ರಿಸುವುದು, ಖರ್ಚು ಮಹಾರಾಜರದು. 1947ರಲ್ಲಿ ಮೂರು ಕಾಂಚೆರ್ಟೊಗಳೂ ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಡನೆ ಮುದ್ರಣಗೊಂಡವು. ಅದು 78 ಸುತ್ತಿನ ಅರಗಿನ ತಟ್ಟೆಗಳ ಕಾಲ. ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ನಾಲ್ಕೈದು ನಿಮಿಷ. ಅರ್ಧ ಗಂಟೆಗೂ ಮೀರಿದ ರಚನೆಯನ್ನು ತುಂಡು ತುಂಡಾಗಿ ನುಡಿಸಬೇಕು, ತಪ್ಪಿದರೆ ಆ ತುಂಡನ್ನು ಮೊದಲಿನಿಂದ ನುಡಿಸಬೇಕು. ಅರವತ್ತೇಳು ವರ್ಷದ, ಹೃದಯ ಸೋತ ಮನುಷ್ಯ ಹೀಗೆ ಸ್ಟುಡಿಯೊದಲ್ಲಿ ಕುಳಿತು ದುಡಿದ. 1950ರಲ್ಲಿ, ಸಾವಿಗೆ ಒಂದು ವರ್ಷ ಮುಂಚೆ, ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಅವನ ಹಾಡುಗಳನ್ನು ಹಾಡಿದಾಗ ಪಿಯಾನೊ ಸಾಥ್ ಕೊಟ್ಟವನೂ ಅವನೇ. ಎಲ್ಲ ಸೇರಿ ಮೂರು ಸಂಪುಟಗಳಾದವು. ಮೂರನೆಯ ಕಾಂಚೆರ್ಟೊದ ಅರ್ಪಣೆಯಲ್ಲಿ ಮೈಸೂರಿನ ಮಹಾರಾಜರ ಹೆಸರಿದೆ.

ನಾನು ಮೊದಲು ಕೇಳಿದ್ದೂ ಆ ಮೂರನೆಯದನ್ನೇ. ನದಿಯ ತಳದಲ್ಲಿ ಮಲಗಿದ ವೀರನನ್ನು ಎಬ್ಬಿಸಲೆತ್ನಿಸುವ ಜಲಕನ್ಯೆಯ ಬಗ್ಗೆ ಲೆರ್ಮಾಂಟೊವ್ ಬರೆದ ಕವಿತೆಯಿಂದ ಅದರ ಆರಂಭ ಪ್ರೇರಿತವಾಗಿದೆಯಂತೆ. ಮೊದಲ ಸಲ ನನಗೆ ಏನೂ ಹತ್ತಲಿಲ್ಲ. ಎಲ್ಲಿ ಷಡ್ಜ ಎಂದು ಹುಡುಕುವ ಕಿವಿ ನನ್ನದು; ಇಲ್ಲಿ ನಿಂತ ನೆಲವೇ ಸರಿಯುತ್ತಿರುತ್ತದೆ. ಆಷಾಢದ ಒಂದು ರಾತ್ರಿ, ವಿದ್ಯುತ್ ಬಂದು ಹೋಗಿ ಮಾಡುತ್ತಿದ್ದಾಗ, ನಾಲ್ಕನೆಯ ಸಲವೋ ಐದನೆಯ ಸಲವೋ ಕೇಳುತ್ತಿದ್ದೆ. ಹೊರಗೆ ಕಡಲು ಮೊರೆಯುತ್ತಿತ್ತು. ಒಂದು ಚಿಕ್ಕ ಸ್ವರಗುಚ್ಛ ಬೇರೆ ಬೇರೆ ವೇಷದಲ್ಲಿ ಮರಳಿ ಮರಳಿ ಬರುತ್ತಿರುವುದು ತಟ್ಟನೆ ಗೊತ್ತಾಯಿತು. ಪುರಿಯಾವನ್ನು ಮಾರವಾದಿಂದ ಬೇರ್ಪಡಿಸಿ ಗುರುತಿಸಿದ ಮೊದಲ ದಿನದ ಸಂತೋಷವೇ ಅದು. ಅದಕ್ಕಿಂತ ಹೆಚ್ಚು ಹೇಳುವ ಅರ್ಹತೆ ನನಗಿಲ್ಲ.

ಇನ್ನು ಲೆಕ್ಕದ ಮಾತು. ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು 1945ರಲ್ಲಿ ಕಟ್ಟಿದ ವಾಲ್ಟರ್ ಲೆಗ್ ಮೈಸೂರಿಗೆ ಬಂದು ಕೆಲವು ವಾರ ಅತಿಥಿಯಾಗಿದ್ದ. ಮಹಾರಾಜರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲವೆಂದೂ, ಅರಮನೆಯಲ್ಲಿ ಕಲ್ಪಿಸಬಹುದಾದ ಎಲ್ಲ ಗಂಭೀರ ಸಂಗೀತದ ಧ್ವನಿಮುದ್ರಿಕೆಗಳೂ ಹಲವು ದೊಡ್ಡ ಪಿಯಾನೊಗಳೂ ಇದ್ದವೆಂದೂ ಅವನು ನೆನೆದಿದ್ದಾನೆ. ಮೆಟ್ನರ್ ಯೋಜನೆಯ ಜೊತೆಗೆ ವಾದ್ಯವೃಂದಕ್ಕೆ ಮೂರು ವರ್ಷ ಕಾಲ ವರ್ಷಕ್ಕೆ 10,000 ಪೌಂಡ್ ನೀಡಲು ಮಹಾರಾಜರು ಒಪ್ಪಿದರೆಂಬುದು ಅವನದೇ ಹೇಳಿಕೆ. ಆಗ ಒಂದು ಪೌಂಡಿಗೆ 13 ರೂಪಾಯಿ 5 ಆಣೆ 4 ಪೈ. ಅಂದರೆ ವರ್ಷಕ್ಕೆ ಸುಮಾರು 1 ಲಕ್ಷ 33 ಸಾವಿರ ರೂಪಾಯಿ. ಮೈಸೂರು ಭಾರತದಲ್ಲಿ ವಿಲೀನವಾದ ಮೇಲೆ ಮಹಾರಾಜರಿಗೆ ನಿಗದಿಯಾದ ರಾಜಧನ ವರ್ಷಕ್ಕೆ 26 ಲಕ್ಷ. ಅದಕ್ಕೆ ಹೋಲಿಸಿದರೆ ನೂರಕ್ಕೆ ಐದರಷ್ಟು. ಕುದುರೆ ಜೂಜಿಗೂ ಹೊರದೇಶದ ಬಂಗಲೆಗಳಿಗೂ ಸುರಿದ ಸಂಸ್ಥಾನಿಕರು ಹಲವರಿದ್ದ ಕಾಲದಲ್ಲಿ ಇದು ದುಂದುಗಾರಿಕೆಯೆನಿಸದು.

ಇದೇ ಹಣದ ಇನ್ನೊಂದು ಫಲವನ್ನು ಸಂಗೀತಲೋಕ ಇಂದಿಗೂ ಸ್ಮರಿಸುತ್ತದೆ. ರಿಚರ್ಡ್ ಸ್ಟ್ರೌಸ್ 1949ರಲ್ಲಿ ತೀರಿಕೊಂಡಾಗ ಅವನ ಕೊನೆಯ ನಾಲ್ಕು ಗೀತೆಗಳು ಇನ್ನೂ ವೇದಿಕೆ ಕಂಡಿರಲಿಲ್ಲ. 1950ರ ಮೇ 22ರಂದು ಆಲ್ಬರ್ಟ್ ಹಾಲ್‌ನಲ್ಲಿ ಫುರ್ಟ್‌ವೆಂಗ್ಲರ್ ನಿರ್ದೇಶನದಲ್ಲಿ ಕಿರ್‌ಸ್ಟೆನ್ ಫ್ಲಾಗ್‌ಸ್ಟಾಡ್ ಅವುಗಳನ್ನು ಮೊದಲ ಬಾರಿಗೆ ಹಾಡಿದಳು. ಆ ಕಛೇರಿಗೆ ಆರ್ಥಿಕ ಭರವಸೆ ನೀಡಿದವರು ಜಯಚಾಮರಾಜರು. ಅವರು ಸಭಾಂಗಣದಲ್ಲಿರಲಿಲ್ಲ, ಮುದ್ರಿಸಿದ ತಟ್ಟೆಗಳು ಹಡಗೇರಿ ಅವರಿಗಾಗಿ ಮೈಸೂರಿಗೆ ಬಂದವು. ಸ್ಟ್ರೌಸ್‌ನಂಥವರ ಸಂಗೀತ ಮೆಟ್ನರ್‌ಗೆ ಹಿಡಿಸುತ್ತಿರಲಿಲ್ಲ ಎಂಬುದು ಬೇರೆ ಮಾತು. ಪೋಷಕನಿಗೆ ಇಬ್ಬರೂ ಬೇಕಾಗಿದ್ದರು.

ಆದರೆ ತಕರಾರು ಇಲ್ಲಿಗೆ ಮುಗಿಯುವುದಿಲ್ಲ. ನಮ್ಮ ಅಂಕೋಲೆ ಉಪ್ಪಿನ ಸತ್ಯಾಗ್ರಹದ, ಕರನಿರಾಕರಣೆಯ ನೆಲ. ಕಂದಾಯ ಕೊಡೆವೆಂದು ಹಟ ಹಿಡಿದು ಭೂಮಿ ಕಳೆದುಕೊಂಡ ಮನೆತನಗಳು ಸುತ್ತಲಿನ ಹಳ್ಳಿಗಳಲ್ಲಿವೆ. ಪ್ರಜೆಗಳ ಕಂದಾಯವನ್ನು ಆಳುವವರು ಏನು ಮಾಡಿದರೆಂದು ಕೇಳುವ ಹಕ್ಕು ಈ ಮಣ್ಣಿನವರಿಗೆ ಎಲ್ಲರಿಗಿಂತ ಒಂದು ಹಿಡಿ ಹೆಚ್ಚೇ ಇದೆ. ಅರಮನೆಯ ಸ್ವಂತ ಹಣವೇ ಆಗಿರಲಿ, ಅದರ ಮೂಲ ರೈತನ ಗದ್ದೆಯೇ. ಮೆಟ್ನರ್ ಲಂಡನ್ನಿನಲ್ಲಿ ನುಡಿಸಿದ ಆ 1947ರಲ್ಲೇ ಮೈಸೂರಿನಲ್ಲಿ ಜವಾಬ್ದಾರಿ ಸರಕಾರಕ್ಕಾಗಿ ‘ಮೈಸೂರು ಚಲೋ’ ನಡೆಯಿತು. ಸೆಪ್ಟೆಂಬರ್ ತಿಂಗಳಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದ; ಮೈಸೂರಿನ ರಾಮಸ್ವಾಮಿ ವೃತ್ತ ಅವನ ಹೆಸರಿನದು. ಅಕ್ಟೋಬರ್‌ನಲ್ಲಿ ಮಹಾರಾಜರು ಮಣಿದು, ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಒಂದೇ ವರ್ಷದ ಒಂದೇ ದೊರೆಯ ಲೆಕ್ಕದ ಪುಸ್ತಕದಲ್ಲಿ ಇವೆರಡೂ ಇವೆ. ಒಂದನ್ನು ಇನ್ನೊಂದಕ್ಕೆ ವಜಾ ಹಾಕಿ ಶಿಲ್ಕು ತೆಗೆಯಲು ನನಗೆ ಬರುವುದಿಲ್ಲ. ಆ ಗುಂಡಿಗೆ ಪಿಯಾನೊ ಸಮಾಧಾನವಲ್ಲ. ಆದರೆ ಆ ಧ್ವನಿಮುದ್ರಣದ ವೆಚ್ಚ ವ್ಯರ್ಥವಾಯಿತೆಂದು ಹೇಳುವವರೊಡನೆ ನಾನು ವಾದಿಸುತ್ತೇನೆ. ಅದಕ್ಕೆ ಕಾರಣ ನನ್ನ ಕೈಯಲ್ಲಿ ಹಾದುಹೋದ ಒಂದು ಕಡತ.

ಎಲ್ಲಿ, ಯಾವ ಇಲಾಖೆ ಎಂಬುದು ಇಲ್ಲಿ ಬೇಡ. ಕಂಪನಿ ನಾಟಕಗಳ ಕಾಲದ ಒಬ್ಬ ವೃದ್ಧ ಹಾರ್ಮೋನಿಯಂ ವಾದಕರಿದ್ದರು. ಕಾಲಿನಿಂದ ತಿದಿ ಒತ್ತಿ ಎರಡೂ ಕೈಯಿಂದ ನುಡಿಸುವ ದೊಡ್ಡ ಪೆಟ್ಟಿಗೆ ಅವರದು. ಅವರ ವಾದನದ ಒಂದು ಮುದ್ರಿಕೆಯೂ ಇರಲಿಲ್ಲ. ಅದರಲ್ಲಿ ವಿಚಿತ್ರವೇನೂ ಇಲ್ಲ: 1940ರಲ್ಲಿ ಬಾನುಲಿಯಿಂದ ಹೊರಬಿದ್ದ ಹಾರ್ಮೋನಿಯಂಗೆ 1970ರ ದಶಕದ ಆರಂಭದವರೆಗೂ ಅಲ್ಲಿ ಪ್ರವೇಶವೇ ಇರಲಿಲ್ಲ, ಅಷ್ಟರಲ್ಲಿ ಅವರ ಯೌವನ ಕಳೆದಿತ್ತು, ಕಂಪನಿಗಳು ಮುಚ್ಚಿದ್ದವು. ಅವರನ್ನು ಒಂದು ವಾರ ಸ್ಟುಡಿಯೊಗೆ ಕರೆಸಿ ನಾಟಕದ ಮಟ್ಟುಗಳನ್ನೆಲ್ಲ ಮುದ್ರಿಸಬೇಕೆಂದು ಉತ್ಸಾಹಿ ಅಧಿಕಾರಿಯೊಬ್ಬರು ಪ್ರಸ್ತಾವ ಕಳಿಸಿದರು. ಮೊತ್ತ ನಲವತ್ತು ಸಾವಿರ ರೂಪಾಯಿ. ಆರ್ಥಿಕ ಸಹಮತಿಗಾಗಿ ಕಡತ ನನ್ನ ಮೇಜಿಗೆ ಬಂತು. ‘ಫಲಾನುಭವಿಗಳ ಸಂಖ್ಯೆ ಎಷ್ಟು? ವಿವರಗಳೊಡನೆ ಮರುಸಲ್ಲಿಸುವುದು’ ಎಂದು ಷರಾ ಬರೆದು ಹಿಂದಿರುಗಿಸಿದೆ. ಅಂದು ನಾನು ನಿಯಮ ಮೀರಲಿಲ್ಲ. ಪ್ರತಿ ಕಡತಕ್ಕೂ ನಾನು ಕೇಳುತ್ತಿದ್ದ ಪ್ರಶ್ನೆಯೇ ಅದು; ಕೆರೆಗೂ ಅದೇ, ಶಾಲೆಯ ಕೊಠಡಿಗೂ ಅದೇ. ಏಳು ತಿಂಗಳ ನಂತರ ಕಡತ ಮರಳಿ ಬಂತು. ‘ಕಲಾವಿದರು ನಿಧನ ಹೊಂದಿರುವ ಪ್ರಯುಕ್ತ ಪ್ರಸ್ತಾವವನ್ನು ಮುಕ್ತಾಯಗೊಳಿಸಬಹುದು’ ಎಂದು ಟಿಪ್ಪಣಿಯಲ್ಲಿತ್ತು. ಕೆಳಗೆ ಸಹಿ ಮಾಡಿದೆ. ಸಂಜೆಯ ಹೊತ್ತಿಗೆ ಮರೆತೂಬಿಟ್ಟಿದ್ದೆ.

ಮೆಟ್ನರ್ ತಟ್ಟೆಗಳನ್ನು 1947ರಲ್ಲಿ ಯಾರಾದರೂ ಆರ್ಥಿಕ ಸಲಹೆಗಾರರ ಮುಂದಿಟ್ಟಿದ್ದರೆ ಅವರೂ ಇದೇ ಪ್ರಶ್ನೆ ಕೇಳುತ್ತಿದ್ದರು. ಉತ್ತರ ‘ಬಹಳ ಕಡಿಮೆ’ ಎಂದೇ ಇರುತ್ತಿತ್ತು. ಹಲವು ದಶಕಗಳ ಕಾಲ ಅವನನ್ನು ನುಡಿಸಿದವರೇ ವಿರಳ. 1980ರ ದಶಕದಿಂದೀಚೆಗೆ ಹೊಸ ತಲೆಮಾರಿನ ವಾದಕರು ಅವನ ರಚನೆಗಳನ್ನು ಎತ್ತಿಕೊಂಡಾಗ, ಇದನ್ನು ಹೇಗೆ ನುಡಿಸಬೇಕೆಂದು ತಿಳಿಯಲು ಅವರ ಮುಂದಿದ್ದ ಸಾಕ್ಷ್ಯಗಳಲ್ಲಿ ಮುಖ್ಯವಾದವು ಆ ಮುದ್ರಿಕೆಗಳೇ. ಫಲಾನುಭವಿಗಳು ನಲವತ್ತು ವರ್ಷ ತಡವಾಗಿ ಬಂದರು. ನಮ್ಮ ಆಯವ್ಯಯದ ಯಾವ ನಮೂನೆಯಲ್ಲೂ ಅವರಿಗಾಗಿ ಒಂದು ಕಾಲಂ ಇಲ್ಲ.

ಮಹಾರಾಜರ ಮೇಲೆ ನನಗೆ ಒಂದು ದೂರು ಉಂಟು. ಲಂಡನ್ನಿನ ವಾದ್ಯವೃಂದಕ್ಕೆ ಆಧಾರವಾದವರು ಮೈಸೂರಿನಲ್ಲೇ ಈ ವಿದ್ಯೆಗೊಂದು ಭದ್ರವಾದ ಶಾಲೆಯನ್ನು ಕಟ್ಟಿ ಬಿಟ್ಟುಹೋಗಿದ್ದರೆ ಚೆನ್ನಾಗಿತ್ತು. ಆ ದಿಕ್ಕಿನಲ್ಲಿ ನೆಲೆನಿಲ್ಲುವ ಕೆಲಸ ಮಾಡಿದವರು ಅವರ ತಂಗಿ. 1974ರಲ್ಲಿ ವಿಜಯದೇವಿಯವರು ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿ ಸ್ಥಾಪಿಸಿದರು. 2005ರಲ್ಲಿ ತೀರಿಕೊಳ್ಳುವವರೆಗೂ ಅದಕ್ಕಾಗಿ ದುಡಿದರು. ಅದೇ 1974ರ ಸೆಪ್ಟೆಂಬರ್ 23ರಂದು ಜಯಚಾಮರಾಜರು, ಐವತ್ತೈದನೆಯ ವಯಸ್ಸಿನಲ್ಲಿ, ನಿಧನರಾದರು. ರಾಜಧನ ಅದಕ್ಕೆ ಮೂರು ವರ್ಷ ಮೊದಲೇ, 1971ರಲ್ಲಿ, ರದ್ದಾಗಿತ್ತು. ಮೆಟ್ನರ್ 1951ರ ನವೆಂಬರ್ 13ರಂದು ಲಂಡನ್ನಿನಲ್ಲಿ ತೀರಿಕೊಂಡ. ಪತ್ನಿ ಆನಾ 1958ರಲ್ಲಿ ರಷ್ಯಕ್ಕೆ ಮರಳಿದಳು.

ತಂದೆಯ ಹಾರ್ಮೋನಿಯಂ ನಮ್ಮ ಅಟ್ಟದ ಮೇಲಿದೆ. ಕಡಲ ಗಾಳಿಗೆ ಹಿತ್ತಾಳೆಯ ರೀಡುಗಳು ಕಿಲುಬು ಹಿಡಿದಿವೆ, ತಿದಿಯ ಚರ್ಮವನ್ನು ಜಿರಳೆ ತಿಂದಿದೆ. ಒತ್ತಿದರೆ ಮಂದ್ರದ ಮೂರು ಸ್ವರಗಳು ಮಾತ್ರ ಏಳುತ್ತವೆ. ಕಾರವಾರದಲ್ಲಿ ರಿಪೇರಿ ಮಾಡುವವರೊಬ್ಬರು ಇದ್ದಾರೆಂದು ನೆರೆಮನೆಯವರು ಹೇಳಿದ್ದಾರೆ. ಮಳೆ ಹೊಳವಾದ ಮೇಲೆ ಒಯ್ಯಬೇಕು.